ಶಾಲೆ ತಪ್ಪಿಸುವ ಹುಡುಗಿಗೆ ರಕ್ತ ಕಡಿಮೆಯೇ?

‘ಓದಿದ್ದು ತಲೆಗೆ ಹತ್ತುವುದಿಲ್ಲ, ವಾರಕ್ಕೆರಡು ದಿನ ಶಾಲೆಗೆ ಚಕ್ಕರ್, ಬರೀ ಸೋಮಾರಿ. ಒಂದು ಟಾನಿಕ್ ಬರೆದುಕೊಡಿ ಡಾಕ್ಟ್ರೇ.’ ಅಂಕಪಟ್ಟಿ ಮನೆಗೆ ಬಂದ ವಾರ ತಾಲ್ಲೂಕಿನ ವೈದ್ಯರು ಕೇಳುವ ಮಾತಿದು. ಬುದ್ಧಿ ಚುರುಕು ಮಾಡುವ ಟಾನಿಕ್ ಯಾವುದೂ ಇಲ್ಲ. ಆದರೆ ಆ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಎಷ್ಟೋ ಸಲ ಒಳಭಾಗ ಬಿಳಿಚಿಕೊಂಡಿರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. 12 ವರ್ಷ ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂ ಆದರೂ ಇರಬೇಕು. ಕಬ್ಬಿಣದ ಅಂಶ ಸಾಲದಿದ್ದರೆ ಗಮನ, ನೆನಪು ಎರಡೂ ಕುಂದುತ್ತವೆ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಗೆ ತಲೆನೋವು. ಕೆಲವರು ಬಳಪ, ಮಣ್ಣು ತಿನ್ನುತ್ತಾರೆ. ಅದನ್ನು ಬೈದು ಬಿಡಿಸಲಾಗದು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವುದು, ಬರಿಗಾಲಿನಲ್ಲಿ ಓಡಾಡುವಾಗ ಚರ್ಮದ ಮೂಲಕ ಒಳಸೇರುವ ಕೊಕ್ಕೆಹುಳು, ಇವೂ ಕಾರಣವಾಗುತ್ತವೆ.

ಬಸ್ ತಪ್ಪಿದ್ದಕ್ಕೆ, ಅಡಿಕೆ ಸುಲಿಯಲು ಹೋದದ್ದಕ್ಕೆ ವೈದ್ಯರಲ್ಲಿ ಮದ್ದಿಲ್ಲ, ನಿಜ. ಆದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಅದು ಕೈತಪ್ಪಿದ ಹುಡುಗಿಗೆ ಅನೇಕ ಮನೆಗಳಲ್ಲಿ ‘ಓದಿದ್ದು ಸಾಕು’ ಎನ್ನುತ್ತಾರೆ. ಮುಂದಿನದು ನಿಮಗೆ ಗೊತ್ತೇ ಇದೆ.

ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಉಚಿತವಾಗಿ ಕೊಡುತ್ತಾರೆ. ತೊಡಕೆಂದರೆ, ಹೆಚ್ಚು ಸುಸ್ತಾಗುವ ಮಗುವೇ ಆ ದಿನ ಗೈರುಹಾಜರು! ಚಿಕ್ಕ ಶಾಲೆಯಲ್ಲಿ ಯಾರು ಬಂದಿಲ್ಲ ಎಂಬುದು ಮೇಷ್ಟರಿಗೆ ಪುಸ್ತಕ ನೋಡದೆಯೇ ತಿಳಿದಿರುತ್ತದೆ. ಮರುದಿನ ಕೇಳಿ ಪಡೆಯಿರಿ. ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬೇಕಿಲ್ಲ. ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಅವು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನುಗ್ಗೆಸೊಪ್ಪಿನ ಪಲ್ಯ, ಹುರುಳಿ ಸಾರಿಗೆ ನಿಂಬೆರಸ ಹಿಂಡಿದರೆ ಒಳ್ಳೆಯದು.

ಈಗಾಗಲೇ ರಕ್ತ ಕಡಿಮೆಯಿರುವವರಿಗೆ ವಾರದ ಮಾತ್ರೆ ಸಾಲದು, ದಿನವೂ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಪ್ರಮಾಣದಲ್ಲಿ ಕೊಡಿ. ಜಂತುಹುಳುವಿನ ಮಾತ್ರೆಯನ್ನೂ ಕೇಳಿ. ಮುಖ ಕೆಂಪಾಯಿತೆಂದು ನಡುವೆ ನಿಲ್ಲಿಸಬೇಡಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಎರಡು ಮೂರು ತಿಂಗಳು ಮುಂದುವರಿಸಬೇಕು. ತಿಂಗಳು ನೇಮವಾಗಿ ನುಂಗಿಯೂ 1 ಗ್ರಾಂ ಏರದಿದ್ದರೆ ತಲಸ್ಸೀಮಿಯಾದಂಥ ಬೇರೆ ಕಾರಣ ಇರಬಹುದು. ಆಗ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.