ಬಿರುಕಿಗೆ ಸಿಮೆಂಟ್ ಮೆತ್ತುವ ಮುಂಚೆ ಗೋಡೆ ಬಡಿದು ನೋಡಿ: ಬಿಸಿಲು ನಾಡಿನ ಮನೆಗಳ ಗಾರೆ ರಿಪೇರಿ

ಮೂರು ವರ್ಷದ ಹಿಂದೆ, ಜೂನ್ ತಿಂಗಳು. ರಾತ್ರಿ ಮೊದಲ ಮಳೆ ಗಾಳಿ ಸಮೇತ ಜೋರಾಗಿ ಹೊಡೆಯಿತು. ಬೆಳಿಗ್ಗೆ ಎದ್ದು, ಬಿತ್ತನೆಗೆ ಅಂತ ತೆಗೆದಿಟ್ಟಿದ್ದ ತೊಗರಿ ಬೀಜದ ಚೀಲ ಎತ್ತೋಕೆ ಹೋದೆ. ಗೋಡೆ ಪಕ್ಕದ ಎರಡು ಚೀಲ ಕೈಗೆ ತಣ್ಣಗೆ ಹತ್ತಿದವು. ಬಿಚ್ಚಿ ನೋಡಿದರೆ ಕಾಳು ನೀರು ಕುಡಿದು ಉಬ್ಬಿತ್ತು. ಬೀಜ ಹೋಯಿತು, ಸಾಲ ಮಾಡಿ ಹೊಸ ಬೀಜ ತಂದೆವು.

ನೀರು ಮಾಳಿಗೆಯಿಂದ ಇಳಿದಿರಲಿಲ್ಲ. ಪಶ್ಚಿಮದ ಗೋಡೆಯ ಬಿರುಕಿನಿಂದ ಒಳಗೆ ಬಂದಿತ್ತು. ಹೊಟ್ಟೆ ಉರಿಸಿದ್ದು ಏನಂದ್ರೆ, ಆ ಬಿರುಕನ್ನು ಬರೀ ಒಂದು ತಿಂಗಳ ಹಿಂದೆ ನಾನೇ ನನ್ನ ಕೈಯಾರೆ ಸಿಮೆಂಟ್ ಕಲಸಿ ಮುಚ್ಚಿದ್ದೆ.

ನಮ್ಮದು ರಾಯಚೂರು ಜಿಲ್ಲೆ, ಎರೆಭೂಮಿ. ಏಪ್ರಿಲ್-ಮೇ ಬಂತಂದ್ರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಗಾಳಿ ಬೇರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯೂ ಇದೇ ಕಥೆ. ಇಂಥ ಕಡೆ ಮನೆ, ಬೀಜದ ಕೋಣೆ, ದನದ ಕೊಟ್ಟಿಗೆ ಯಾವುದೇ ಇರಲಿ, ಗಾರೆ ಬಿರುಕು ಬಿಡದ ಗೋಡೆ ಹುಡುಕೋದು ಕಷ್ಟ. ಹೆಚ್ಚಿನವರು ಮಾಡೋದು ನಾನು ಮಾಡಿದ್ದನ್ನೇ: ಒಂದು ಬುಟ್ಟಿ ಸಿಮೆಂಟ್ ಕಲಸು, ಮೆತ್ತು, ಮರೆತುಬಿಡು.

ನಾನು ಮಾಡಿದ ತಪ್ಪು

ಬೀಜ ಹಾಳಾದ ಮರುದಿನ ಊರಿನ ಹಿರಿಯ ಗೌಂಡಿ ಕಾಕಾ ಒಬ್ಬರನ್ನು ಕರಕೊಂಡು ಬಂದೆ. ಅವರು ಬಿರುಕನ್ನು ನೋಡಲೇ ಇಲ್ಲ. ಸುತ್ತಿಗೆಯ ಹಿಡಿಕೆ ತಿರುಗಿಸಿ ಗೋಡೆಯ ಮೇಲೆ ಅಲ್ಲಲ್ಲಿ ಬಡಿಯುತ್ತಾ ಹೋದರು. ಕೆಲವು ಕಡೆ 'ಟಕ್ ಟಕ್', ಕೆಲವು ಕಡೆ ಖಾಲಿ ಡಬ್ಬಿ ಬಡಿದಂಗೆ 'ಡಬ್ ಡಬ್'. ಆಮೇಲೆ ಕೇಳಿದರು: "ತಮ್ಮಾ, ಯಾವ ಹೊತ್ತಿನ್ಯಾಗ ಮೆತ್ತಿದ್ದಿ?"

"ಮಧ್ಯಾಹ್ನ ರೀ ಕಾಕಾ. ಮೇ ತಿಂಗಳದಾಗ."

"ಸಿಮೆಂಟು ಎಷ್ಟು, ಉಸುಕು ಎಷ್ಟು?"

"ಗಟ್ಟಿ ಆಗ್ಲಿ ಅಂತ ಒಂದಕ್ಕ ಎರಡು ಹಾಕಿದ್ದೆ."

"ನೀರು ಎಷ್ಟು ದಿವಸ ಹೊಡದಿ?"

ನಾನು ಸುಮ್ಮನಾದೆ. ಒಂದು ದಿನವೂ ಹೊಡೆದಿರಲಿಲ್ಲ.

ಸಿಮೆಂಟ್ ಗಟ್ಟಿಯಾಗೋದು ಒಣಗುವುದರಿಂದ ಅಲ್ಲ. ಅದು ನೀರಿನ ಜೊತೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆ, ಪೂರ್ತಿಯಾಗಲು ದಿನಗಟ್ಟಲೆ ಹಸಿ ಬೇಕು. ಮೇ ಬಿಸಿಲಿನಲ್ಲಿ ಒಂದು ಕಡೆ ಗಾಳಿ ನೀರನ್ನು ಎಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಕಾದ ಒಣ ಇಟ್ಟಿಗೆ ಹಿಂದಿನಿಂದ ಹೀರುತ್ತದೆ. ಸಿಮೆಂಟಿಗೆ ಕುಡಿಯಲು ನೀರೇ ಉಳಿಯೋದಿಲ್ಲ. ಮೇಲೆ ಗಟ್ಟಿ ಅನಿಸಿದರೂ ಒಳಗೆ ಪುಡಿ. ಇನ್ನು ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನೋದು ಅರ್ಧ ಸತ್ಯ ಮಾತ್ರ. ಸಿಮೆಂಟ್ ಜಾಸ್ತಿಯಾದಷ್ಟೂ ಒಣಗುವಾಗ ಕುಗ್ಗುವುದೂ ಜಾಸ್ತಿ. ಹೀಗಾಗಿ ತೇಪೆಯ ಎರಡೂ ಅಂಚಿಗೆ ಹೊಸ ಬಿರುಕು ಹುಟ್ಟುತ್ತದೆ. ನನ್ನ ಗೋಡೆಯಲ್ಲಿ ಆಗಿದ್ದು ಅದೇ.

ಆದರೆ ಅಷ್ಟೇ ಆಗಿರಲಿಲ್ಲ. ಆ ಒಂದೇ ಗೋಡೆಯಲ್ಲಿ ಎರಡು ಬೇರೆ ಬೇರೆ ರೋಗ ಇದ್ದವು. ಎರಡಕ್ಕೂ ಒಂದೇ ಔಷಧಿ ಹೊಡೆದದ್ದು ನನ್ನ ದೊಡ್ಡ ತಪ್ಪು.

ಗಾರೆಯ ಬಿರುಕೋ, ಗೋಡೆಯ ಬಿರುಕೋ?

ಮೊದಲು ಅಗಲ ನೋಡಿ. ಎಟಿಎಂ ಕಾರ್ಡಿನ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಕಾರ್ಡಿನ ಅಂಚು ಒಳಗೆ ಹೋಗದಿದ್ದರೆ ಅದು ಕೂದಲೆಳೆ ಬಿರುಕು. ಭಾರತೀಯ ಮಾನಕ ಬ್ಯೂರೋ ಕೈಪಿಡಿಯ ಪ್ರಕಾರ 1 ಮಿ.ಮೀ. ಒಳಗಿದ್ದರೆ ಸಣ್ಣ ಬಿರುಕು, 1ರಿಂದ 2 ಮಧ್ಯಮ, 2 ದಾಟಿದರೆ ಅಗಲ ಬಿರುಕು.

ಆಮೇಲೆ ಬಿರುಕಿನ ಆಕಾರ ನೋಡಿ. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳದಂತೆ, ಬಲೆ ಬಲೆಯಾಗಿ, ದಿಕ್ಕುದೆಸೆ ಇಲ್ಲದೆ ಹರಡಿದ್ದರೆ ಅದು ಗಾರೆಯದ್ದೇ ಬಿರುಕು. ಬಿಸಿಲಿನಲ್ಲಿ ಬೇಗ ಒಣಗಿದ್ದು, ಉಸುಕಿನಲ್ಲಿ ಮಣ್ಣು ಅಥವಾ ಎಂ-ಸ್ಯಾಂಡ್‌ನಲ್ಲಿ ದೂಳು ಹೆಚ್ಚಿದ್ದು, ಕೊನೆಗೆ ನುಣುಪು ಬರಲಿ ಅಂತ ಒಣ ಸಿಮೆಂಟ್ ಉದುರಿಸಿ ತಿಕ್ಕಿದ್ದು, ಇವೇ ಕಾರಣ. ನೋಡೋಕೆ ಕೆಟ್ಟದಾಗಿರುತ್ತದೆ, ಅಪಾಯ ಕಡಿಮೆ. ಬಡಿದಾಗ 'ಟಕ್' ಅಂದರೆ ಒಡೆಯೋದೇ ಬೇಡ. ತೊಳೆದು ಎರಡು ಕೋಟ್ ಸುಣ್ಣ ಹೊಡೆದರೆ ಸಾಕು.

ಮಾಳಿಗೆಯ ಆರ್‌ಸಿಸಿ ಸ್ಲ್ಯಾಬಿನ ಕೆಳಗೆ, ಗೋಡೆ ಸೇರುವ ಜಾಗದಲ್ಲಿ ಉದ್ದಕ್ಕೆ ಗೆರೆ ಎಳೆದಂತಿದ್ದರೆ ಅದು ಬಿಸಿಲಿನ ಆಟ. 10 ಮೀಟರ್ ಉದ್ದದ ಸ್ಲ್ಯಾಬು 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನಾ ಹೀಗೆ ಹೋಗಿ ಬರುವ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ನಿಲ್ಲೋದಿಲ್ಲ. ಅಲ್ಲಿ ನೇರವಾಗಿ ಒಂದು ಗೆರೆ ಕೊರೆದು, ರಬ್ಬರಿನಂತೆ ಎಳೆಯುವ ಸೀಲೆಂಟ್ ತುಂಬಬೇಕು. ಬೇಸಿಗೆಗೆ ಮುಂಚೆ ಮಾಳಿಗೆಗೆ ಬಿಳಿ ಸುಣ್ಣ ಬಳಿದರೆ ಸ್ಲ್ಯಾಬ್ ಕಾಯುವುದೂ ಕಡಿಮೆ, ಕೆಳಗೆ ಮಲಗುವವರಿಗೂ ತಂಪು.

ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಸೇರುವಲ್ಲಿ ನೆಟ್ಟಗೆ ಬರುವ ಬಿರುಕಿಗೆ ಕೋಳಿ ಜಾಲರಿ ಬೇಕು. ಕಂಬದ ಕಡೆ ಅರ್ಧ, ಇಟ್ಟಿಗೆ ಕಡೆ ಅರ್ಧ ಬರುವಂತೆ ಒಂದು ಗೇಣು ಅಗಲದ ಪಟ್ಟಿ ಮೊಳೆ ಹೊಡೆದು ಅದರ ಮೇಲೆ ಗಾರೆ ಹಾಕಬೇಕು.

ಇನ್ನು ಹೆದರಬೇಕಾದ ಬಿರುಕು. ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲಿನಂತೆ ಹತ್ತುವುದು, ಮೂಲೆಯಿಂದ ಓರೆಯಾಗಿ ಏರುವುದು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವುದು, ಪಕ್ಕದ ಬಾಗಿಲು ಚೌಕಟ್ಟಿಗೆ ತಾಗಿ ಮುಚ್ಚದಿರುವುದು. ಇದು ಗಾರೆಯ ಮಾತಲ್ಲ, ತಳಪಾಯ ಅಲುಗಾಡುತ್ತಿದೆ ಅಂತ ಅರ್ಥ.

ಎರೆಮಣ್ಣು ನಮಗೆ ಗೊತ್ತಿರುವಷ್ಟು ಎಂಜಿನಿಯರಿಗೂ ಗೊತ್ತಿರೋದಿಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮನೆಯ ಕೆಳಗೂ ಅದೇ ಮಣ್ಣು. ಸುತ್ತಲೂ ಒಂದೇ ಸಮ ಉಬ್ಬಿ ಕುಗ್ಗಿದರೆ ಹೇಗೋ ತಡೆಯುತ್ತದೆ, ಒಂದು ಮೂಲೆ ಮಾತ್ರ ಸದಾ ಹಸಿ ಇದ್ದರೆ ಗೋಡೆ ಸೀಳುತ್ತದೆ. ನಮ್ಮ ಪಶ್ಚಿಮದ ಮೂಲೆಗೆ ಬಚ್ಚಲ ನೀರು ಬಿಟ್ಟು ಅವ್ವ ಎರಡು ಪಪ್ಪಾಯಿ, ಒಂದು ಬಾಳೆ ಹಾಕಿದ್ದಳು. ಗಿಡ ಚೆನ್ನಾಗಿ ಬಂದಿದ್ದವು. ಮೂಲೆಯಿಂದ ಓರೆಯಾಗಿ ಏರಿದ್ದ ಬಿರುಕೂ ಚೆನ್ನಾಗಿಯೇ ಬೆಳೆದಿತ್ತು! ಆ ಗೋಡೆಯ ಒಳಮಗ್ಗುಲಿಗೆ ಅವ್ವನ ಮಂಚ ಇತ್ತು ಅನ್ನೋದು ನೆನಪಾದಾಗ ನನಗೆ ಬೀಜದ ಚಿಂತೆ ಹಾರಿಹೋಯಿತು.

ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲು ನಿಮ್ಮ ಮೊಬೈಲೇ ಸಾಕು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಅಡ್ಡ ಗೆರೆ ಎಳೆದು ತಾರೀಖು ಬರೆಯಿರಿ. ಪಕ್ಕದಲ್ಲಿ ಶಾಲೆಯ ಸ್ಕೇಲ್ ಹಿಡಿದು ತಿಂಗಳಿಗೊಮ್ಮೆ ಅದೇ ಜಾಗದಿಂದ ಫೋಟೊ ತೆಗೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಎರಡನ್ನೂ ನೋಡಬೇಕು. ಬೆಳೆಯುತ್ತಿದ್ದರೆ, ಇಲ್ಲವೇ 5 ಮಿ.ಮೀ.ಗಿಂತ ಅಗಲ ಇದ್ದರೆ, ಗೋಡೆ ಹೊರಗೆ ವಾಲಿದ್ದರೆ ಫೋಟೊ ತೆಗೆಯುತ್ತಾ ಕೂರಬೇಡಿ. ಅದರ ಪಕ್ಕ ಮಲಗುವುದು ನಿಲ್ಲಿಸಿ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ನಾವು ಅವ್ವನ ಮಂಚವನ್ನು ಅದೇ ದಿನ ಸರಿಸಿದೆವು. ಬಚ್ಚಲ ನೀರಿಗೆ ಪೈಪ್ ಹಾಕಿ ಹಿತ್ತಲಿನ ಆಚೆ ತುದಿಗೆ ಒಯ್ದೆವು, ಮನೆ ಸುತ್ತ 1 ಮೀಟರ್ ಅಗಲಕ್ಕೆ ಹೊರಗೆ ಇಳಿಜಾರು ಕೊಟ್ಟು ಬಂಡೆ ಹಾಸಿದೆವು. ಪಪ್ಪಾಯಿ ತೆಗೆದದ್ದಕ್ಕೆ ಅವ್ವ ಒಂದು ವಾರ ಮಾತಾಡಲಿಲ್ಲ.

ರಿಪೇರಿ ಮಾಡುವ ಕ್ರಮ

ಯೂಟ್ಯೂಬಿನಲ್ಲಿ ಅಮೆರಿಕದ ಅರಿಜೋನಾ ಮರುಭೂಮಿಯ ಮನೆಗಳ ವಿಡಿಯೊ ಸಿಗುತ್ತವೆ. ಒಂದು ಟ್ಯೂಬ್ ಹಿಡಿದು ಬಿರುಕಿಗೆ ಪೇಸ್ಟ್ ಒತ್ತಿ ಐದು ನಿಮಿಷದಲ್ಲಿ ಮುಗಿಸುತ್ತಾರೆ. ನಾನೂ ನೋಡಿ ಮರುಳಾಗಿದ್ದೆ. ಅಲ್ಲಿನ ಬಹಳಷ್ಟು ಮನೆಗಳ ಗೋಡೆ ಕಟ್ಟಿಗೆಯ ಚೌಕಟ್ಟಿನದು. ಅದರ ಮೇಲೆ ನೀರು ತಡೆಯುವ ಕಾಗದ, ತಂತಿ ಜಾಲರಿ, ಅದರ ಮೇಲೆ ಸಿಮೆಂಟ್ ಗಾರೆ. ನಮ್ಮ ಇಟ್ಟಿಗೆ, ಕಲ್ಲಿನ ಗೋಡೆ ಹಾಗಲ್ಲ. ಟೊಳ್ಳಾದ ಗಾರೆಯ ಮೇಲೆ ಪೇಸ್ಟ್ ಒತ್ತಿದರೆ ಹಾವು ಒಳಗಿಟ್ಟು ಹುತ್ತದ ಬಾಯಿ ಮುಚ್ಚಿದಂಗೆ. ಆದರೆ ಅವರಿಂದ ಕಲಿಯಬೇಕಾದ್ದೂ ಇದೆ: ನೆರಳಿನಲ್ಲಿ ಕೆಲಸ, ಹಸಿ ಗೋಡೆ, ದಿನಗಟ್ಟಲೆ ನೀರು. ಬಿಸಿಲಿನ ನಿಯಮ ಎಲ್ಲಿದ್ದರೂ ಒಂದೇ.

ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯಲ್ಲೇ ಮಾಡಬೇಕಾಗಿ ಬಂದರೆ ಪಶ್ಚಿಮದ ಗೋಡೆಯನ್ನು ಬೆಳಿಗ್ಗೆ, ಪೂರ್ವದ್ದನ್ನು ಸಂಜೆ ಹಿಡಿಯಿರಿ. ಅಂದ್ರೆ ಗೋಡೆಯ ಮೇಲೆ ನೆರಳು ಇರುವಾಗ.

ಬಡಿದು ನೋಡಿ, 'ಡಬ್' ಅನ್ನುವಷ್ಟು ಜಾಗಕ್ಕೆ ಸೀಮೆಸುಣ್ಣದಿಂದ ಚೌಕ ಎಳೆಯಿರಿ. ಗೋಡೆಯೊಳಗೆ ವೈರ್ ಇದ್ದರೆ ಮೇನ್ ಸ್ವಿಚ್ ಆರಿಸಿ, ಉಳಿ-ಸುತ್ತಿಗೆಯಿಂದ ಇಟ್ಟಿಗೆ ಕಾಣುವವರೆಗೆ ಒಡೆಯಿರಿ. ಕಣ್ಣಿಗೆ ದೂಳು ಬೀಳದಂತೆ ಕನ್ನಡಕ ಇರಲಿ. ಅಂಚು ನೇರವಾಗಿರಲಿ, ಒಳಗೆ ಸ್ವಲ್ಪ ಅಗಲವಾಗಿರಲಿ, ಆಗ ಹೊಸ ಗಾರೆಗೆ ಹಿಡಿತ ಸಿಗುತ್ತದೆ. ಇಟ್ಟಿಗೆ ಸಂದುಗಳನ್ನು ಸುಮಾರು 10 ಮಿ.ಮೀ. ಕೆದಕಿ, ಬ್ರಷ್ ಹಾಕಿ ದೂಳು ತೆಗೆದು ತೊಳೆಯಿರಿ. ಹಿಂದಿನ ದಿನ ಸಂಜೆ ಗೋಡೆಗೆ ಸಾಕಷ್ಟು ನೀರು ಕುಡಿಸಿ. ಗಾರೆ ಹಾಕುವಾಗ ಗೋಡೆ ಹಸಿ ಇರಬೇಕು, ನೀರು ಇಳಿಯುತ್ತಿರಬಾರದು.

ಜರಡಿ ಹಿಡಿದ ಉಸುಕು ಐದು ಡಬ್ಬಿಗೆ ಸಿಮೆಂಟ್ ಒಂದು ಡಬ್ಬಿ. ಒಳಗೋಡೆಗೆ ಒಂದಕ್ಕೆ ಆರು ನಡೆಯುತ್ತದೆ. ಒಳ್ಳೆಯ ಸುಣ್ಣ ಸಿಕ್ಕರೆ ಸಿಮೆಂಟ್ ಒಂದು, ಸುಣ್ಣ ಒಂದು, ಉಸುಕು ಆರು ಹಾಕಿ. ನನ್ನ ಪ್ರಕಾರ ಬಿಸಿಲು ನಾಡಿಗೆ ಇದೇ ಉತ್ತಮ, ಸುಣ್ಣ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿರುಕೂ ಕಡಿಮೆ. 15 ಮಿ.ಮೀ. ದಪ್ಪಕ್ಕೆ ಒಂದು ಚದರ ಮೀಟರಿಗೆ ಸುಮಾರು 5 ಕೆ.ಜಿ. ಸಿಮೆಂಟ್ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗಿದ್ದಕ್ಕೆ ಮತ್ತೆ ನೀರು ಹಾಕಿ ಮೆತ್ತಬೇಡಿ, ಅದು ಸತ್ತ ಸಿಮೆಂಟು.

ಕಲಸುವ ನೀರನ್ನು ಬಾಯಿಗೆ ಹಾಕಿ ನೋಡಿ. ಸವಳು ನೀರಾದರೆ ಬೇಡ. ನಮ್ಮ ಕಡೆಯ ಎಷ್ಟೋ ಬೋರುಗಳ ನೀರಿನಿಂದ ಗೋಡೆಯ ಮೇಲೆ ಬಿಳಿ ಉಪ್ಪು ಅರಳುತ್ತದೆ, ಬಣ್ಣ ಸಮೇತ ಗಾರೆ ಉದುರುತ್ತದೆ. ಕುಡಿಯುವ ನೀರನ್ನೇ ಬಳಸಿ.

ಮೊದಲು ತೆಳ್ಳಗೆ ಸಿಮೆಂಟ್ ಹಾಲು ಬಳಿದು, ಅದು ಹಸಿ ಇರುವಾಗಲೇ 10 ಮಿ.ಮೀ. ಮೊದಲ ಪದರ ಒತ್ತಿ ಹಾಕಿ, ಕರಣೆಯ ತುದಿಯಿಂದ ಗೀಚಿ ಬಿಡಿ. ಎರಡು ದಿನ ನೀರು ಹೊಡೆದು ಎರಡನೇ ಪದರ ಹಾಕಿ ಮರದ ಹಲಗೆಯಿಂದ ಮಟ್ಟ ಮಾಡಿ. ಮೇಲೆ ಒಣ ಸಿಮೆಂಟ್ ಉದುರಿಸೋದು ಬೇಡವೇ ಬೇಡ. ಕೈಗೆ ಗ್ಲೌಸ್ ಇರಲಿ, ಸಿಮೆಂಟ್ ಚರ್ಮ ಸುಡುತ್ತದೆ.

ಇಲ್ಲಿಗೆ ಮುಗಿಯಿತು ಅಂತ ಗೌಂಡಿಗಳು ಹೊರಡುತ್ತಾರೆ. ಇಲ್ಲಿಂದ ನಮ್ಮ ಕೆಲಸ ಶುರು. ತೇಪೆಯ ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಮೂರು ನಾಲ್ಕು ಸಲ ನೀರು. ಕನಿಷ್ಠ 7 ದಿನ, ಬೇಸಿಗೆಯಾದರೆ 10 ದಿನ. ಬೆನ್ನಿಗೆ ಹಾಕುವ ಸ್ಪ್ರೇ ಪಂಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕಳೆನಾಶಕ, ಕೀಟನಾಶಕ ಹೊಡೆದ ಪಂಪನ್ನು ಮನೆ ಗೋಡೆಗೆ ತರಬೇಡಿ, ಬೇರೆಯದು ಇಟ್ಟುಕೊಳ್ಳಿ. ಬಣ್ಣಕ್ಕೆ ನಾಲ್ಕು ವಾರ ಕಾಯಿರಿ.

ನಿಮ್ಮದು ಹಳೆಯ ಕಲ್ಲು-ಮಣ್ಣಿನ ಮನೆಯಾಗಿದ್ದರೆ ಇದೆಲ್ಲ ಅನ್ವಯಿಸೋದಿಲ್ಲ. ಮಣ್ಣಿನ ಗೋಡೆ ಹಸಿಯನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕಿ, ಕೊನೆಗೆ ಹಪ್ಪಳದಂತೆ ಎದ್ದು ಬರುತ್ತದೆ. ಅಂಥ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಾರೆಯೇ ಸರಿ.

ನನ್ನ ಗೋಡೆಯ ಟೊಳ್ಳು ಭಾಗವನ್ನು ಆ ವರ್ಷ ನವೆಂಬರಿನಲ್ಲಿ ಹೀಗೇ ಮಾಡಿದೆ. ಮೂರನೇ ಮಳೆಗಾಲಕ್ಕೂ ನೀರು ಬಂದಿಲ್ಲ. ಮೂಲೆಯ ಓರೆ ಬಿರುಕನ್ನು ಮಾತ್ರ ಒಂದು ವರ್ಷ ಗಾರೆ ಹಾಕದೆ, ಮಳೆ ಸಿಡಿಯದಂತೆ ತಗಡು ಹೊಡೆದು ಬಿಟ್ಟಿದ್ದೆ. ಮೊಬೈಲಿನಲ್ಲಿ ಹದಿನಾಲ್ಕು ಫೋಟೊ ಇವೆ. ಕೊನೆಯ ಎಂಟರಲ್ಲಿ ಪೆನ್ಸಿಲ್ ಗೆರೆ ದಾಟಿಲ್ಲ ಅಂತ ಖಾತ್ರಿಯಾದ ಮೇಲೆ, ಎಂಜಿನಿಯರಿಗೆ ತೋರಿಸಿಯೇ ಮುಚ್ಚಿದೆ. ಅವ್ವನ ಮಂಚ ಮತ್ತೆ ಅಲ್ಲಿಗೇ ಬಂದಿದೆ, ಬೀಜದ ಚೀಲ ಮಾತ್ರ ಈಗ ಗೋಡೆಯಿಂದ ಒಂದು ಮೊಳ ದೂರ, ಕಟ್ಟಿಗೆಯ ಹಲಗೆ ಮೇಲೆ.