ದೋಣಿಯ ವಿಮೆಗೆ ಬೆಲೆ ಕಟ್ಟುವ ಕ್ರಮ

ಮನೆ, ಜೀವ, ಮೋಟಾರು ಗಾಡಿ ಇವುಗಳ ವಿಮೆಯ ವಿಚಾರವು ಗೃಹಸ್ಥರಾದ ವಾಚಕರೆಲ್ಲರಿಗೂ ಅಷ್ಟಿಷ್ಟು ತಿಳಿದದ್ದೇ ಆಗಿದೆ. ಕಡಲಕರೆಯ ಕುಟುಂಬಗಳಿಗಾದರೋ ದೋಣಿಯ ವಿಮೆಯೂ ಅಷ್ಟೇ ಅಗತ್ಯವಾದುದು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರ ಮೊದಲಾದ ಬಂದರುಗಳಲ್ಲಿ ಸಾಲಾಗಿ ನಿಂತ ಮೀನುದೋಣಿಗಳು ನೋಡುವವರ ಕಣ್ಣಿಗೆ ಬರಿಯ ದೋಣಿಗಳು. ಒಡೆಯರಿಗಾದರೆ ಬ್ಯಾಂಕಿನ ಸಾಲ, ಹೆಂಗಸರ ಒಡವೆ, ಮಕ್ಕಳ ವಿದ್ಯೆ ಎಲ್ಲವೂ ಆ ಒಂದು ದೋಣಿಯನ್ನೇ ನಂಬಿರುತ್ತವೆ. ಅಕ್ಕಪಕ್ಕದಲ್ಲಿ ನಿಂತ ಎರಡು ದೋಣಿಗಳಿಗೆ ವಿಮಾಶುಲ್ಕವು, ಅಂದರೆ ವ್ಯವಹಾರದಲ್ಲಿ ಹೇಳುವ ಪ್ರೀಮಿಯಮ್ಮು, ಒಂದೇ ಆಗಿರುವುದಿಲ್ಲ. ಇದು ಕಂಪೆನಿಯವರು ಮನಸ್ಸು ಬಂದಂತೆ ಹಾಕಿದ ಲೆಕ್ಕವೆಂದು ಹಲವರು ಗೊಣಗುವುದುಂಟು. ಆದರೆ ಅದರ ಹಿಂದೆ ಒಂದು ನ್ಯಾಯವಿದೆ. ಅದನ್ನರಿತವನು ಹಣವನ್ನೂ ಉಳಿಸಿಕೊಳ್ಳಬಲ್ಲನು, ದೋಣಿಯನ್ನೂ ಉಳಿಸಿಕೊಳ್ಳಬಲ್ಲನು.

ಆ ನ್ಯಾಯವು ಹೊಸದಲ್ಲ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನೂರು ಪಣಗಳ ಸಾಲಕ್ಕೆ ತಿಂಗಳಿಗೆ ಒಂದೂಕಾಲು ಪಣದ ಬಡ್ಡಿಯು ಧರ್ಮ್ಯವೆಂದು ಹೇಳಿ, ವ್ಯಾಪಾರಿಗಳಿಗೆ 5, ಕಾಡನ್ನು ಹಾದುಹೋಗುವವರಿಗೆ 10, ಕಡಲನ್ನು ದಾಟುವವರಿಗೆ 20 ಪಣಗಳೆಂದು ವಿಧಿಸಿದ್ದಾನೆ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಕಾಡಿನವರಿಗೆ 10, ಸಮುದ್ರದವರಿಗೆ 20 ಎಂದೇ ಇದೆ. ಇದು ಬಡ್ಡಿಯೇ ಹೊರತು ವಿಮೆಯಲ್ಲ. ಆದರೂ ಕಳ್ಳರ ಭಯಕ್ಕೆ ಒಂದು ಬೆಲೆ, ಅಲೆಯ ಭಯಕ್ಕೆ ಅದರ ಇಮ್ಮಡಿ ಬೆಲೆ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಅಪಾಯವೆಷ್ಟೋ ಬೆಲೆಯಷ್ಟು.

ಇಂದಿನ ನೌಕಾವಿಮೆಗೆ ಹೆಸರು ತಂದುಕೊಟ್ಟ ಊರು ಲಂಡನ್ನು. 1688ರ ವೇಳೆಗಾಗಲೇ ಅಲ್ಲಿ ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿಯಂಗಡಿಯಿದ್ದಿತು. ಹಡಗಿನ ಒಡೆಯರೂ ವರ್ತಕರೂ ಅಲ್ಲಿ ಸೇರತೊಡಗಿದರು. 1760ರಲ್ಲಿ ಆ ಅಂಗಡಿಯ ಗಿರಾಕಿಗಳು ಹಡಗುಗಳ ಸ್ಥಿತಿಗತಿಗಳನ್ನು ಪರೀಕ್ಷಿಸಿ ಪಟ್ಟಿಮಾಡುವುದಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಹಡಗಿನ ಒಡಲಿಗೆ ಅಕ್ಷರ, ಹಗ್ಗ, ಲಂಗರು ಮೊದಲಾದ ಸಾಮಗ್ರಿಗೆ ಅಂಕೆ. ಎರಡರಲ್ಲಿಯೂ ಉತ್ತಮವಾದುದಕ್ಕೆ 'ಎ 1'. ಈಗ ನಮ್ಮವರು ಊಟಕ್ಕೂ ಬಟ್ಟೆಗೂ ಹೇಳುವ 'ಎ ಒನ್' ಎಂಬ ಮಾತು ಹಡಗಿನ ಪಟ್ಟಿಯಿಂದ ಬಂದುದೆಂದು ಬಲ್ಲವರು ಕಡಮೆ!

ಇಂದಿಗೂ ವಿಮೆಯವರು ಮೊದಲು ನೋಡುವುದು ಒಡಲನ್ನೇ. ಮರಕ್ಕೆ ಕೊರೆಯುವ ಕಡಲಹುಳುವಿನ ಭಯ, ಉಕ್ಕಿಗೆ ತುಕ್ಕಿನ ಭಯ; ಫೈಬರಿಗೆ ಇವೆರಡೂ ಇಲ್ಲವಾದರೂ ಬೆಂಕಿಯ ಭಯ ತಪ್ಪಿದ್ದಲ್ಲ. ದೋಣಿಗೆ ವಯಸ್ಸಾದಂತೆ ದರವು ಏರುವುದು ಸಹಜ. ಎಂಜಿನ್ನಿನ ಬಲ ಹೆಚ್ಚಿದಷ್ಟೂ ವೇಗವೂ ಪೆಟ್ಟೂ ಹೆಚ್ಚು. ಪೆಟ್ರೋಲು ಬೇಗನೆ ಹೊತ್ತಿಕೊಳ್ಳುವ ವಸ್ತುವಾದುದರಿಂದ ಡೀಸೆಲ್ ಎಂಜಿನ್ನಿನ ದೋಣಿಯನ್ನು ಕಡಮೆ ಅಪಾಯದ್ದೆಂದು ಎಣಿಸುತ್ತಾರೆ.

ಎರಡನೆಯದು ನೀರು ಮತ್ತು ಕಾಲ. ಹೊಳೆಯಲ್ಲೋ ಹಿನ್ನೀರಿನಲ್ಲೋ ಓಡಾಡುವ ದೋಣಿಗೂ ಹತ್ತಾರು ದಿನ ಆಳಸಮುದ್ರದಲ್ಲಿ ಕಳೆಯುವ ದೋಣಿಗೂ ಅಪಾಯವು ಸಮನಲ್ಲ. ನಮ್ಮ ಪಡುಗಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳ ಮೀನುಗಾರಿಕೆಗೆ ಪ್ರತಿಬಂಧವಿದೆ. ದೋಣಿಯನ್ನು ದಡಕ್ಕೆ ಕಟ್ಟಿಟ್ಟ ಕಾಲಕ್ಕೆ ಶುಲ್ಕದಲ್ಲಿ ಸ್ವಲ್ಪ ಮರಳಿಸುವ ಕರಾರು ಕೆಲವು ವಿಮಾಪತ್ರಗಳಲ್ಲಿರುವುದುಂಟು. ಅದನ್ನು ಕೇಳಿ ತಿಳಿಯತಕ್ಕದ್ದು. ಉಪಯೋಗವೂ ಗಣನೆಗೆ ಬರುತ್ತದೆ: ಸ್ವಂತ ವಿಹಾರದ ದೋಣಿಗಿಂತ ಬಾಡಿಗೆಗೆ ಜನರನ್ನು ಕೂರಿಸುವ ದೋಣಿಯ ಹೊಣೆ ದೊಡ್ಡದು.

ಮೂರನೆಯದು ಮನುಷ್ಯ. ಚುಕ್ಕಾಣಿ ಹಿಡಿಯುವ ತಂಡೇಲನ ಅನುಭವ, ಹಿಂದಿನ ವರ್ಷಗಳಲ್ಲಿ ಪರಿಹಾರ ಕೇಳಿದ್ದುಂಟೋ ಇಲ್ಲವೋ ಎಂಬ ಚರಿತ್ರೆ, ದೋಣಿಯಲ್ಲಿ ಬೆಂಕಿ ಆರಿಸುವ ಸಾಧನ, ತೇಲುವ ಅಂಗಿ, ಅಪಾಯಸಂದೇಶ ಕಳುಹಿಸುವ ಯಂತ್ರ ಇವೆಲ್ಲ ತೂಕಕ್ಕೆ ಬರುತ್ತವೆ. ಗಾಳಿಯನ್ನೂ ಅಲೆಯನ್ನೂ ನಾವು ಅಂಕೆಯಲ್ಲಿಡಲಾರೆವು. ಇವಾದರೂ ನಮ್ಮ ಕೈಯಲ್ಲಿವೆ.

ಕೊನೆಯದು ಕರಾರಿನ ವಿವರ. ಸಣ್ಣ ನಷ್ಟದಲ್ಲಿ ಮೊದಲ ಇಂತಿಷ್ಟು ರೂಪಾಯಿಯನ್ನು ತಾನೇ ಹೊರುವೆನೆಂದು ಒಪ್ಪಿದವನಿಗೆ ಶುಲ್ಕ ಇಳಿಯುತ್ತದೆ. ದೋಣಿಯು ಪೂರ್ತಿ ನಾಶವಾದರೆ ಮಾತ್ರ ಪರಿಹಾರವೆಂಬ ವಿಮೆ ಅಗ್ಗ. ಬಿಡಿ ನಷ್ಟಕ್ಕೂ ಕೊಡುವ ವಿಮೆ ತುಟ್ಟಿ. ಇವು ನ್ಯಾಯವಾದ ಉಳಿತಾಯಗಳು.

ಇಲ್ಲಿಯೇ ಗೃಹಸ್ಥನು ಎಡವುವ ಸ್ಥಳವೂ ಇದೆ. ಶುಲ್ಕ ತಗ್ಗಲೆಂದು ದೋಣಿಯ ಬೆಲೆಯನ್ನೇ ತಗ್ಗಿಸಿ ಬರೆಸುವ ಜಾಣತನ ಕೆಲವರದು. ಲೆಕ್ಕ ನೋಡಿರಿ. 40 ಲಕ್ಷ ರೂಪಾಯಿ ಬಾಳುವ ದೋಣಿಗೆ 20 ಲಕ್ಷದ ವಿಮೆ ಮಾಡಿಸಿದ್ದೆಂದು ಭಾವಿಸೋಣ. ಬಂಡೆಗೆ ತಗುಲಿ 4 ಲಕ್ಷದ ನಷ್ಟವಾಯಿತು. ವಿಮೆಯು 20 ಲಕ್ಷದ್ದಿರುವಾಗ ಈ 4 ಲಕ್ಷ ಪೂರ್ತಿಯಾಗಿ ಬಂದೀತೆಂದು ಒಡೆಯನು ನಂಬಿರುತ್ತಾನೆ. ನಮ್ಮ ದೇಶದ 1963ರ ಸಾಗರವಿಮಾ ಶಾಸನದಂತೆ, ವಿಮೆಗೆ ಒಳಪಡದ ಅರ್ಧಕ್ಕೆ ಅವನು ತನಗೆ ತಾನೇ ವಿಮೆಗಾರನು. ಆದುದರಿಂದ ಸಾಮಾನ್ಯವಾಗಿ ಅವನಿಗೆ ದೊರೆಯತಕ್ಕದ್ದು 2 ಲಕ್ಷ. ಮಿಕ್ಕ 2 ಲಕ್ಷಕ್ಕೆ ಮತ್ತೆ ಒಡವೆಯೇ ಗತಿ.

ಸತ್ಯವನ್ನು ಮುಚ್ಚಿಡುವುದಂತೂ ಇನ್ನೂ ಕೆಟ್ಟದ್ದು. ಪರಸ್ಪರ ಪರಮ ವಿಶ್ವಾಸವೇ ನೌಕಾವಿಮೆಯ ಬುನಾದಿಯೆಂದು ಆ ಶಾಸನವು ಸಾರುತ್ತದೆ. ವಿಮೆಗಾರನು ಒಪ್ಪುವುದಕ್ಕೂ ದರ ಕಟ್ಟುವುದಕ್ಕೂ ಕಾರಣವಾಗತಕ್ಕ ಸಂಗತಿಯನ್ನು ಒಡೆಯನು ಮರೆಮಾಚಿದರೆ ಕರಾರನ್ನೇ ಅವನು ತಳ್ಳಿಹಾಕಬಹುದು. ದೋಣಿಯು ಕಡಲಿಗೆ ಇಳಿಯಲು ಯೋಗ್ಯವಲ್ಲವೆಂದು ತಿಳಿದೂ ಕಳುಹಿಸಿದ್ದರೆ, ಆ ದೋಷದಿಂದಾದ ನಷ್ಟಕ್ಕೆ ಅವನು ಹೊಣೆಯಲ್ಲ.

ದೋಣಿಯ ವಿಮೆಯಿದ್ದರೆ ಅದರಲ್ಲಿ ದುಡಿಯುವವರಿಗೂ ವಿಮೆಯಿದೆಯೆಂದು ಭಾವಿಸಲಾಗದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ'ವೆಂಬ ದೋಣಿ ಏಳು ಮಂದಿಯೊಡನೆ ಕಾಣೆಯಾಯಿತು. ಅದರ ಅವಶೇಷವು ಮಹಾರಾಷ್ಟ್ರದ ಕಡಲ ತಳದಲ್ಲಿ ಪತ್ತೆಯಾದುದು 2019ರ ಮೇ ತಿಂಗಳಿನಲ್ಲಿ. ಮರಕ್ಕೂ ಎಂಜಿನ್ನಿಗೂ ಬೆಲೆ ಕಟ್ಟಿಸುವ ಒಡೆಯನು ತಂಡೇಲ, ಕಲಾಸಿಗಳ ಅಪಘಾತವಿಮೆಯು ಬೇರೆಯಾಗಿ ಇದೆಯೇ ಎಂದು ವಿಚಾರಿಸುವುದು ಧರ್ಮವೇ ಸರಿ. ದುಡಿಯುವವರ ಮನೆಯವರೂ ಸಂಕೋಚಪಡದೆ ಅದನ್ನು ಕೇಳತಕ್ಕದ್ದು.

ಆದುದರಿಂದ ಮಳೆಗಾಲದಲ್ಲಿ ದೋಣಿ ದಡದಲ್ಲಿರುವಾಗ ಒಡೆಯನು ಮನೆಯವರೊಡನೆ ಕುಳಿತು ವಿಮಾಪತ್ರವನ್ನು ಒಮ್ಮೆ ಪೂರ್ತಿ ಓದಲಿ. ಬರೆದ ಬೆಲೆ ಸರಿಯೇ, ಹೋಗುವ ನೀರು ಅದರಲ್ಲಿ ಸೇರಿದೆಯೇ, ತಾನೇ ಹೊರಬೇಕಾದ ಪಾಲೆಷ್ಟು ಎಂಬುದನ್ನು ಗುರುತುಮಾಡಿಕೊಳ್ಳಲಿ. ಅಪಾಯವನ್ನು ತಗ್ಗಿಸಿ ಶುಲ್ಕವನ್ನು ಇಳಿಸುವುದು ಜಾಣತನ. ಸತ್ಯವನ್ನು ತಗ್ಗಿಸಿ ಇಳಿಸುವುದು ಓಟೆಯ ದೋಣಿಗೆ ಬಣ್ಣ ಬಳಿದಂತೆ.