ದಾರಿ ಬಿಡದ ದಿನಗಳು

ಲಾವೋಸ್‌ನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಅದೇನು ಮಹಾ ಅಂದುಕೊಂಡಿದ್ದೆ. ಮುವಾಂಗ್ ಗೋಯ್‌ಗೆ ಬಂದ ಮೊದಲ ಮೂರು ದಿನ ಊರೆಲ್ಲ ಉಂಡು ಮುಗಿಸಿದ ಮೇಲೆ ನನಗೆ ಹಸಿವು. ಊರು ಅರ್ಧ ಕೆಲಸ ಮುಗಿಸಿದ ಮೇಲೆ ನನಗೆ ಎಚ್ಚರ.

ನಾಂಗ್ ಖಿಯಾವ್‌ನಿಂದ ದೋಣಿ ಹತ್ತಿ ನಾಮ್ ಊ ನದಿಯಲ್ಲಿ ಮೇಲಕ್ಕೆ ಸುಮಾರು ಒಂದು ಗಂಟೆ ಬಂದರೆ ಈ ಊರು. ‘ನಾಮ್’ ಅಂದರೆ ನೀರು. ಸುತ್ತ ಸುಣ್ಣಕಲ್ಲಿನ ಕಡಿದಾದ ಗುಡ್ಡಗಳು, ಕೆಳಗೆ ಒಂದು ಮಣ್ಣಿನ ಬೀದಿ. ನನ್ನ ಚೀಲ ಇಳಿದದ್ದು ಬಿದಿರು ತಟ್ಟಿಯ ಗೋಡೆಯ ಒಂದು ಕೋಣೆಯಲ್ಲಿ. ಮನೆಯೊಡತಿಯನ್ನು ಎಲ್ಲರೂ ‘ಪಾ’ ಎಂದು ಕರೆಯುತ್ತಿದ್ದರು. ಅಪ್ಪನ ಅಥವಾ ಅಮ್ಮನ ಅಕ್ಕ ಎಂದರ್ಥ. ಹೆಚ್ಚುಕಡಿಮೆ ನಮ್ಮ ದೊಡ್ಡಮ್ಮ.

ನಾನು ಬಂದದ್ದು ಕಾಡು ಅಲೆಯಲು. ಎರಡನೇ ದಿನ ಗದ್ದೆಯಂಚಿನಲ್ಲಿ ಏನೋ ಚಿಲಿಪಿಲಿ ಕೇಳಿ ಕಾಲುದಾರಿ ಬಿಟ್ಟು ಪೊದೆಗೆ ನುಗ್ಗಿದೆ. ಹಿಂದಿನಿಂದ ಕೂಗು. ಸೌದೆ ಹೊತ್ತ ಮುದುಕರೊಬ್ಬರು ಹೊರೆ ಇಳಿಸಿ, ದಾರಿಗೆ ಬಾ ಎಂದು ಕೈಬೀಸಿದರು. ಆಮೇಲೆ ಎರಡೂ ಮುಷ್ಟಿ ಕೂಡಿಸಿ ಒಮ್ಮೆಲೇ ಬಿಡಿಸಿ, ಬಾಯಲ್ಲಿ ‘ಢಮ್’ ಅಂದರು. 1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಯಿತು. ಗೊಂಚಲು ಬಾಂಬುಗಳಿಂದ ಉದುರಿದ ಸುಮಾರು 27 ಕೋಟಿ ಮರಿ ಬಾಂಬುಗಳಲ್ಲಿ 8 ಕೋಟಿಯಷ್ಟು ಸಿಡಿಯದೆ ಮಣ್ಣಿನಲ್ಲೇ ಉಳಿದವೆಂದು ಅಂದಾಜು. ಚೆಂಡಿನ ಗಾತ್ರದವು, ಇಲ್ಲಿಯವರು ‘ಬೊಂಬಿ’ ಅನ್ನುತ್ತಾರೆ. ಬೀದಿಯಲ್ಲಿ ಕೆಲವು ಮನೆಗಳ ಬಾಗಿಲಲ್ಲಿ ದೊಡ್ಡ ಬಾಂಬಿನ ಖಾಲಿ ಕವಚಗಳು ನಿಂತಿವೆ. ಅವನ್ನು ಬರುವಾಗಲೇ ನೋಡಿದ್ದೆ, ಅಲಂಕಾರ ಅಂದುಕೊಂಡು ದಾಟಿದ್ದೆ.

ಕಲ್ಲು ಮಗುಚುವುದು, ಎಲೆರಾಶಿ ಕೆದಕುವುದು, ಸದ್ದಿನ ಬೆನ್ನು ಹತ್ತುವುದು: ನನಗೆ ಬರುತ್ತಿದ್ದ ವಿದ್ಯೆ ಅದೊಂದೇ. ಅದಿಲ್ಲದೆ ಜಗಲಿಯಲ್ಲಿ ಕೂತೆ. ಸದ್ದೇ ನನ್ನ ಬಳಿ ಬರಲಿ ಅಂತ.

ಬಂತು. ಗೋಡೆ ಗಡಿಯಾರದ ಹಿಂದಿನಿಂದ. ಮೊದಲು ಗಂಟಲು ಸರಿ ಮಾಡಿಕೊಂಡ ಹಾಗೆ ಕಟಕಟ, ಆಮೇಲೆ ‘ತೊಕ್‌ಕೇ, ತೊಕ್‌ಕೇ’. ಕೂಗಿನಿಂದ ಕೂಗಿಗೆ ಬಿಡುವು ಹಿಗ್ಗುತ್ತ ಹೋಗಿ ಕೊನೆಗೆ ಒಂದು ಗೊರಗೊರ. ಲಾವೋ ಮಂದಿಗೆ ಇದು ‘ಕಪ್‌ಕೇ’. ಗೇಣಿಗಿಂತ ಉದ್ದದ ಹಲ್ಲಿ, ಬೂದುನೀಲಿ ಮೈಗೆ ಕಿತ್ತಳೆ ಚುಕ್ಕೆ. ಕೂಗುವುದು ಗಂಡು. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ನಮ್ಮಜ್ಜಿ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುತ್ತಿದ್ದಳು. ಇದರ ಕೂಗಿಗೆ ಅವಳ ಕೈ ಅಲ್ಲೇ ನಿಲ್ಲುತ್ತಿತ್ತೇನೋ.

ಸರದಿಗೆ ಎಷ್ಟು ಕೂಗೆಂದು ಎಣಿಸಿ ಪುಸ್ತಕದಲ್ಲಿ ಬರೆದೆ. ಮೂರನೇ ರಾತ್ರಿ: 7, 5, 6. ನಾಲ್ಕನೇ ರಾತ್ರಿ: 6, 6, 8, ಮೊದಲ ಸರದಿ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೇ. ಐದನೇ ರಾತ್ರಿ ಇನ್ನೊಂದು ಸದ್ದು ಪಟ್ಟಿಗೆ ಸೇರಿತು. ಮೊದಲ ಸರದಿ ಮುಗಿದ ಮೇಲೆ ಅಡುಗೆಮನೆಯಲ್ಲಿ ಪಾ ಅಕ್ಕಿ ಅಳೆಯುತ್ತಾರೆ. ಡಬ್ಬಿ ಉಜ್ಜಿದ ಸದ್ದು ಮೂರು ಸಲ, ಆಮೇಲೆ ನೀರು ಹುಯ್ದ ಸದ್ದು. ಅಂಟಕ್ಕಿ ರಾತ್ರಿಯಿಡೀ ನೆನೆಯಬೇಕು. ನಸುಕಿಗೆ ಅದು ಬಿದಿರಿನ ಲಾಳಿಕೆಯಂಥ ಬುಟ್ಟಿಯಲ್ಲಿ ಹಬೆಗೆ ಏರುತ್ತದೆ, ಬೆಂದದ್ದೇ ಇಡೀ ದಿನಕ್ಕೆ. ಆ ಹಬೆಯ ವಾಸನೆಗೆ ಆರನೇ ಬೆಳಗ್ಗೆ ತಾನಾಗಿ ಎಚ್ಚರವಾಯಿತು. ಕೈಗಡಿಯಾರ ಚೀಲಕ್ಕೆ ಹೋಯಿತು.

ಬೆರಳು ಮಾತ್ರ ತಡವಾಗಿ ಕಲಿತವು. ನಮ್ಮದು ಕಲಸಿ ಉಣ್ಣುವ ಕೈ. ಇಲ್ಲಿ ಮುಚ್ಚಳದ ಬುಟ್ಟಿಯಿಂದ ಒಂದು ಚೂರು ಚಿವುಟಿ, ಹಿಚುಕಿ ಉಂಡೆ ಮಾಡಿ, ಕಾರದ ಗೊಜ್ಜಿಗೆ ತಾಗಿಸಿ ಬಾಯಿಗೆ. ಹಿಚುಕಿದಷ್ಟೂ ಅನ್ನ ಬೆರಳು ಬಿಡುತ್ತದೆ. ನಾನು ಸಾರಿನಲ್ಲಿ ಅದ್ದಿ ಕಲಸಲು ಹೋಗಿ ಅಂಗೈಯೆಲ್ಲ ಗೋಂದು ಮಾಡಿಕೊಂಡೆ. ಪಾ ನಗು ತಡೆಯಲಿಲ್ಲ.

ಅದು ಮಾರ್ಚ್. ಗುಡ್ಡಗಳ ಮೇಲೆ ಹೊಸ ಭತ್ತಕ್ಕಾಗಿ ಕಡಿದ ಕಾಡಿಗೆ ಬೆಂಕಿ ಇಡುವ ಕಾಲ. ನಮ್ಮಲ್ಲಿ ಕುಮರಿ ಅನ್ನುತ್ತಿದ್ದರಲ್ಲ, ಅದೇ ಬೇಸಾಯ. ಹೊಗೆಗೆ ಎದುರಿನ ಗುಡ್ಡವೇ ಮಾಯ, ಸೂರ್ಯ ಕುಂಕುಮದ ಬಟ್ಟು. ಗಂಟಲು ಕೆರೆಯುತ್ತಿತ್ತು. ಆದರೆ ಬೆಂಕಿಯ ಅಂಚಿನಲ್ಲಿ ಎರಡು ಕಾಜಾಣ ಪಲ್ಟಿ ಹೊಡೆಯುತ್ತ, ಹಾರಿಬರುವ ಮಿಡತೆ ಹಿಡಿಯುತ್ತಿದ್ದವು. ಅಲ್ಲಿದ್ದಷ್ಟು ದಿನ ನಾನು ಕಣ್ತುಂಬ ಕಂಡ ಹಕ್ಕಿಗಳು ಅವೇ. ಇಂಥ ಕಾಡಿನ ಸೆರಗಿನಲ್ಲಿ ಹಕ್ಕಿ ಇಷ್ಟು ಕಡಿಮೆಯೇ ಎಂಬ ನನ್ನ ಪ್ರಶ್ನೆಗೆ ಉತ್ತರ ಹುಡುಗರ ಕೊರಳಲ್ಲಿ ನೇತಾಡುತ್ತಿತ್ತು: ಕ್ಯಾಟರ್‌ಬಿಲ್ಲು. ದೂರುವ ಬಾಯಿ ನನಗಿಲ್ಲ; ಅವರ ವಯಸ್ಸಿನಲ್ಲಿ ನನ್ನ ಜೇಬಿನಲ್ಲೂ ಅದೇ ಇತ್ತು. ಒಂದು ಕೋಗಿಲೆ ಮಾತ್ರ ಕಣ್ಣಿಗೆ ಬೀಳದೆ ದಿನವೂ ಕೂಗಿತು. ನಮ್ಮೂರಿನದೇ ರಾಗ, ಚೂರೂ ಲಾವೋ ಬೆರಕೆಯಿಲ್ಲ.

ಹನ್ನೆರಡನೇ ರಾತ್ರಿ ಚೀಲ ಕಟ್ಟಿಟ್ಟು ಜಗಲಿಯಲ್ಲಿ ಕೂತೆ. ಬೆಳಗಿನ ದೋಣಿಗೆ ಹೊರಡುವುದೆಂದು ಪಾಗೆ ಸನ್ನೆಯಲ್ಲಿ ಹೇಳಿದ್ದೆ. ದೀಪ ಹತ್ತಿತು. ಗಡಿಯಾರದ ಹಿಂದಿನಿಂದ ಕೂಗು, ಏಳು. ಒಳಗೆ ಡಬ್ಬಿ ಅಕ್ಕಿಯಲ್ಲಿ ಉಜ್ಜಿತು, ಒಂದು, ಎರಡು. ಆಮೇಲೆ ನೀರಿನ ಸದ್ದು.